ಬಸ್ ಸ್ಟ್ಯಾಂಡ್ ಮೇಡಂ

ಏಳು ವರ್ಷದಿಂದ ಬೀಗ ಬಿದ್ದಿದ್ದ ಬಯಲಿನ ಗೇಟು ಹಾರು ಹೊಡೆದಿತ್ತು. ಒಳಗೆ ಒಂದು ಬಸ್ಸು ಓಡಾಡುತ್ತಿತ್ತು.

ನಗರಸಭೆಯ ಎಂಜಿನಿಯರ್ ಸ್ಕೂಟರ್ ನಿಲ್ಲಿಸಿದಳು. ತಲೆಯ ಮೇಲಿನ ಹೆಲ್ಮೆಟ್ ತೆಗೆಯುವುದನ್ನೂ ಮರೆತು ನೋಡಿದಳು. ಅರ್ಧಕ್ಕೆ ನಿಂತುಹೋದ ಮೂವತ್ತೆರಡು ಕಂಬಗಳ ನಡುವೆ ಬಸ್ಸು ಮೆಲ್ಲಮೆಲ್ಲಗೆ ಹೊರಳುತ್ತಿದೆ. ಅದರ ಮುಂದೆ ಯಾರೋ ಒಬ್ಬ ಹಿಂದುಹಿಂದಕ್ಕೆ ನಡೆಯುತ್ತ, ಕೈಯಲ್ಲಿ ಸುಣ್ಣದ ಡಬ್ಬಿ ಹಿಡಿದು, ಚಕ್ರ ಹೋಗುವ ದಾರಿಗೆಲ್ಲ ಬಿಳಿ ಗೆರೆ ಎಳೆಯುತ್ತಿದ್ದಾನೆ.

"ಬಲಕ್ಕೆ ಅಣ್ಣಾ, ಇನ್ನೂ ಬಲಕ್ಕೆ... ಹಾಂ ಹಾಂ, ನಿಲ್ಸಿ!"

ಬಸ್ಸಿನ ಮೂತಿ ಕಂಬಕ್ಕೆ ಒಂದು ಗೇಣು ದೂರದಲ್ಲಿ ನಿಂತಿತು. ಅವಳ ಸಿಟ್ಟು ಮಾತ್ರ ನಿಲ್ಲಲಿಲ್ಲ.

"ರೀ! ಯಾರ್ರೀ ನೀವು? ಇದೇನು ಡ್ರೈವಿಂಗ್ ಸ್ಕೂಲ್ ಅಂದ್ಕೊಂಡ್ರಾ? ಯಾರನ್ನ ಕೇಳಿ ಒಳಗೆ ಬಂದ್ರಿ?"

ಅವನು ತಿರುಗಿದ. ನಲವತ್ತರ ಆಸುಪಾಸು, ದಪ್ಪ ಕನ್ನಡಕ, ಬಲ ಹುಬ್ಬಿನ ಮೇಲೆ ಒಂದು ಚಿಟಿಕೆ ಸುಣ್ಣ.

"ನಿಮ್ಮನ್ನೇ ಕೇಳಿ."

"ನನ್ನನ್ನಾ? ನಾನು ನಿಮ್ಮ ಮುಖಾನೇ ನೋಡಿಲ್ಲ!"

ಅವನು ಜೇಬಿನಿಂದ ಮಡಚಿದ ಪತ್ರ ತೆಗೆದು ಚಾಚಿದ. ಸ್ಥಳ ಪರಿಶೀಲನೆಗೆ ಅನುಮತಿ. ಕೆಳಗೆ ಅವಳದೇ ಸಹಿ, ಅವಳದೇ ಸೀಲು. "ಮುಖ ಇದರಲ್ಲಿ ಇಲ್ಲ, ನಿಜ. ಆದ್ರೆ ಸಹಿ ಇದೆ ಮೇಡಂ."

ಬಸ್ಸಿನ ಕಿಟಕಿಯಿಂದ ಹಿರಿಯ ಡ್ರೈವರ್ ತಲೆ ಹೊರಗೆ ಹಾಕಿದ. "ಮೇಡಂ, ಮೊದ್ಲು ಆ ಹೆಲ್ಮೆಟ್ ತೆಗೀರಮ್ಮ. ನಿಮ್ಮ ಮುಖಾನೂ ಅವ್ರು ನೋಡ್ಲಿ, ಲೆಕ್ಕ ಸರಿಹೋಗ್ತದೆ."

ಅವಳು ಹೆಲ್ಮೆಟ್ ತೆಗೆದಳು. ಕೆನ್ನೆ ಕೆಂಪಾಗಿದ್ದದ್ದು ಬಿಸಿಲಿಗೋ ಸಿಟ್ಟಿಗೋ ಅವಳಿಗೇ ಗೊತ್ತಾಗಲಿಲ್ಲ. ಹೊಸದಾಗಿ ಆಯ್ಕೆಯಾದ ಕನ್‌ಸ್ಟ್ರಕ್ಷನ್ ಮ್ಯಾನೇಜರ್ ಸೋಮವಾರ ಬರುತ್ತಾನೆ ಎಂದು ಅವಳು ಕಾಯುತ್ತಿದ್ದಳು. ಇವತ್ತು ಶುಕ್ರವಾರ.

"ಮೂರು ದಿನ ಮೊದಲೇ ಬಂದುಬಿಟ್ರಾ?"

"ಇಲ್ಲಿಯವರೆಗೆ ಈ ಕೆಲ್ಸಕ್ಕೆ ಯಾರೂ ಮೊದಲೇ ಬಂದಿಲ್ಲ ಅಂತ ಕೇಳಿದ್ದೆ," ಎಂದು ಅವನು ನೆಲದ ಗೆರೆಗಳನ್ನು ತೋರಿಸಿದ. "ನೋಡಿ. ಈಗಿನ ಬಸ್ಸು ಹನ್ನೆರಡು ಮೀಟರ್. ನಕ್ಷೆಯಲ್ಲಿ ತಿರುಗುತ್ತೆ, ನೆಲದ ಮೇಲೆ ತಿರುಗಲ್ಲ. ನಾಲ್ಕು ಕಂಬ ಒಡೀಬೇಕು."

ನಾಲ್ಕು ಕಂಬ. ಅವಳು ಕಂಬಗಳ ಕಡೆ ಒಮ್ಮೆ ನೋಡಿದಳು. ಪತ್ರವನ್ನು ಮಡಚಿ ಅವನ ಕೈಗೆ ಕೊಟ್ಟು ಸ್ಕೂಟರ್ ಹತ್ತಿದಳು.

ಊರಿನವರು ಅವಳನ್ನು ಕರೆಯುತ್ತಿದ್ದದ್ದೇ ಬಸ್ ಸ್ಟ್ಯಾಂಡ್ ಮೇಡಂ ಎಂದು. ಅದರಲ್ಲಿ ಗೌರವಕ್ಕಿಂತ ಕೊಂಕು ಜಾಸ್ತಿ. ತರಕಾರಿ ಅಂಗಡಿಯಲ್ಲಿ ಕೇಳುತ್ತಿದ್ದರು, ಲಿಫ್ಟಿನಲ್ಲಿ ಕೇಳುತ್ತಿದ್ದರು. ಹಲ್ಲಿನ ಡಾಕ್ಟರಂತೂ ಅವಳ ಬಾಯೊಳಗೆ ಎರಡು ಇಕ್ಕಳ ಇಟ್ಟುಕೊಂಡೇ, "ಬಸ್ ಸ್ಟ್ಯಾಂಡ್ ಯಾವಾಗ ಮುಗಿಯುತ್ತೆ ಮೇಡಂ?" ಎಂದು ವಿಚಾರಿಸಿದ್ದರು. ಮನೆಯಲ್ಲಿ ಅಮ್ಮನಿಗೆ ಎರಡು ಪ್ರಶ್ನೆ: ಬಸ್ ಸ್ಟ್ಯಾಂಡ್ ಯಾವಾಗ, ಮದುವೆ ಯಾವಾಗ. ಮೂವತ್ತಾರರ ಮಗಳದು ಎರಡಕ್ಕೂ ಒಂದೇ ಉತ್ತರ: "ಫೈಲ್ ಮೇಲೆ ಹೋಗಿದೆ ಅಮ್ಮಾ."

ಆ ಬಯಲಿಗೆ ಹಿಂದೆ ಎರಡು ಸಲ ಟೆಂಡರ್ ಆಗಿತ್ತು. ಹಳೆಯ ಪದ್ಧತಿ ಅದು. ಒಬ್ಬರು ನಕ್ಷೆ ಬರೆದು ಮುಗಿಸುತ್ತಾರೆ. ಆಮೇಲೆ ಯಾರು ಎಲ್ಲರಿಗಿಂತ ಕಡಿಮೆಗೆ ಕಟ್ಟುತ್ತೇನೆ ಎನ್ನುತ್ತಾರೋ ಅವರಿಗೆ ಕೆಲಸ. ನಕ್ಷೆಯವರು ಕಟ್ಟುವವರ ಮುಖ ನೋಡಿರುವುದಿಲ್ಲ. ಕಟ್ಟುವವರು ನಕ್ಷೆಯನ್ನು ಸರಿಯಾಗಿ ಬಿಡಿಸಿ ನೋಡುವುದು ನೆಲ ಅಗೆದ ಮೇಲೆಯೇ. ತಪ್ಪು ಕಂಡಾಗ ಇವರು ಅವರ ಮೇಲೆ, ಅವರು ಇವರ ಮೇಲೆ ಎತ್ತಿಹಾಕುತ್ತಾರೆ. ಹಾಗೆ ಮೊದಲನೆಯ ಗುತ್ತಿಗೆದಾರ ಅಡಿಪಾಯಕ್ಕೆ ಕೈಕೊಟ್ಟು ಹೋದ, ಎರಡನೆಯವನು ಕಂಬಗಳಿಗೆ.

ಮೂರನೆಯ ಸಲ ಹೀಗಾಗಕೂಡದು ಎಂದು ಅವಳು ಪಟ್ಟುಹಿಡಿದಳು. ಕಟ್ಟಿಸುವವರನ್ನು ನಕ್ಷೆ ಬರೆಯುವಾಗಲೇ ಕರೆದು ಕೂರಿಸಬೇಕು. ದರವೊಂದನ್ನೇ ನೋಡದೆ, ಹಿಂದೆ ಏನೇನು ಕಟ್ಟಿದ್ದಾರೆ ಎಂಬುದನ್ನು ನೋಡಿ ಆರಿಸಬೇಕು. ಇದಕ್ಕಿಂತ ಹೆಚ್ಚು ಖರ್ಚಾಗದು ಎಂದು ಅವರೇ ಮಿತಿ ಬರೆದುಕೊಡಬೇಕು, ಮೀರಿದರೆ ಅವರೇ ಹೊರಬೇಕು. ಇಷ್ಟನ್ನು ಸಭೆಗೆ ಒಪ್ಪಿಸಲು ಅವಳಿಗೆ ಮೂರು ವರ್ಷ ಬೇಕಾಯಿತು. ಅಡ್ಡ ನಿಂತವರಲ್ಲಿ ಮೊದಲಿಗರು ಪಕ್ಕದ ಮೇಜಿನ ಹಿರಿಯ ಎಂಜಿನಿಯರ್. ಕಚೇರಿಯಲ್ಲಿ ಎಲ್ಲರೂ ಅವರನ್ನು ಬೆನ್ನ ಹಿಂದೆ ರೂಲ್‌ಬುಕ್ ಎನ್ನುತ್ತಿದ್ದರು. ಆಕೆಯ ಪ್ರತಿ ಟಿಪ್ಪಣಿಯ ಕೆಳಗೂ ಅವರದೊಂದು ಸಾಲು ಇರುತ್ತಿತ್ತು: 'ಇಂಥದ್ದು ಹಿಂದೆ ಆದ ದಾಖಲೆ ಇಲ್ಲ.'

"ಆಗಿದ್ದು ಸರಿಯಾಗಿದ್ರೆ ಹೊಸದು ಯಾಕೆ ಬೇಕಿತ್ತು ಸರ್?" ಎಂದು ಅವಳು ಕೇಳಿದರೆ, ಅವರು ಕನ್ನಡಕದ ಮೇಲಿಂದ ನೋಡಿ, "ಅದನ್ನೂ ಬರವಣಿಗೆಯಲ್ಲಿ ಕೊಡಿ," ಎನ್ನುತ್ತಿದ್ದರು.

ಬಯಲಿನ ಮೂಲೆಯ ತಗಡಿನ ಶೆಡ್ಡಿನಲ್ಲಿ ಪ್ರತಿ ಮಂಗಳವಾರ ಸಭೆ. ಮೊದಲ ಸಭೆಯಲ್ಲೇ ಮ್ಯಾನೇಜರ್ ಗೋಡೆಗೆ ಉದ್ದನೆಯ ಬಿಳಿ ಕಾಗದ ಅಂಟಿಸಿ, ಬಲತುದಿಯಲ್ಲಿ ಒಂದು ಗೆರೆ ಎಳೆದ.

"ಮೊದಲ ಬಸ್ಸು ಹೊರಡೋದು ಇಲ್ಲಿ. ಅದರ ಹಿಂದಿನ ದಿನ ಏನು ಮುಗಿದಿರಬೇಕು, ಹೇಳಿ?"

"ಶುರುವಿಂದ ಕೇಳ್ರಿ," ಎಂದ ಎಲೆಕ್ಟ್ರಿಷಿಯನ್.

"ಶುರುವಿಂದ ಕೇಳಿದ್ರೆ ಎಲ್ಲರೂ ಶುರು ಮಾಡ್ತಾರೆ. ಕೊನೆಯಿಂದ ಕೇಳಿದ್ರೆ ಮುಗಿಸ್ತಾರೆ."

ಕೊನೆಯಿಂದ ಹಿಂದಕ್ಕೆ, ಒಂದೊಂದೇ ಕೆಲಸ ಗೋಡೆಗೆ ಹತ್ತಿತು. ನಕ್ಷೆಯ ವಾಸ್ತುಶಿಲ್ಪಿ, ಗಾರೆ ಮೇಸ್ತ್ರಿ, ನಲ್ಲಿಯವನು, ಡ್ರೈವರು, ಎಲ್ಲರೂ ತಮ್ಮ ತಮ್ಮ ಚೀಟಿ ಬರೆದು ತಾವೇ ಅಂಟಿಸಿದರು. ಹತ್ತು ವರ್ಷದ ನೌಕರಿಯಲ್ಲಿ ಮೇಸ್ತ್ರಿಯೊಬ್ಬ ವಾಸ್ತುಶಿಲ್ಪಿಗೆ, "ಈ ಮೂಲೇಲಿ ನೀರು ನಿಲ್ತದೆ ಸ್ವಾಮೀ, ಬರೆದಿಟ್ಕೊಳ್ಳಿ," ಎಂದು ನೆಲ ಅಗೆಯುವ ಮೊದಲೇ ಹೇಳಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಅವಳಿಗೆ ಕಣ್ಣು ತುಂಬಿಬಂತು. ಮುಚ್ಚಿಕೊಳ್ಳಲು ಫೈಲಿನೊಳಗೆ ತಲೆ ಹುದುಗಿಸಿದಳು. ತಲೆ ಎತ್ತಿದಾಗ ಅವನು ನೋಡುತ್ತಿದ್ದ. ತಕ್ಷಣ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸತೊಡಗಿದ.

ಅವನಿಗೆ ಅದೊಂದು ಚಾಳಿ. ಏನು ಹೇಳಬೇಕೋ ತೋಚದಿದ್ದರೆ ಕನ್ನಡಕ ಒರೆಸುವುದು. ಅವಳದು ಬೇರೆ ಚಾಳಿ. ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಂಡು ಊರೆಲ್ಲ ಹುಡುಕುವುದು.

"ನನ್ನ ಪೆನ್ಸಿಲ್ ನೋಡಿದ್ರಾ?"

"ನೋಡಿದೆ."

"ಎಲ್ಲಿ?"

"ಹೇಳಲ್ಲ. ಹೇಳಿದ್ರೆ ತೆಗೆದುಬಿಡ್ತೀರಿ."

ಅವಳ ಕೈ ತನ್ನಷ್ಟಕ್ಕೆ ತುರುಬಿಗೆ ಹೋಯಿತು. ಪೆನ್ಸಿಲು ಸಿಕ್ಕಿತು. ಅದನ್ನು ತೆಗೆಯದೆ ಹಾಗೇ ಬಿಟ್ಟಳು.

ಆದರೆ ಕೆಲಸ ಹೂವಿನ ಹಾಸಿಗೆಯಾಗಿರಲಿಲ್ಲ. ಎರಡನೆಯ ತಿಂಗಳಲ್ಲಿ ಯಾವ ನಕ್ಷೆಯಲ್ಲೂ ಇಲ್ಲದ ಹಳೆಯ ನೀರಿನ ಪೈಪೊಂದು ನೆಲದಡಿ ಸಿಕ್ಕಿತು. ಅದನ್ನು ಪಕ್ಕಕ್ಕೆ ಸರಿಸಲು ನೀರಿನ ವಿಭಾಗದ ಒಪ್ಪಿಗೆ ಬೇಕು. ನೀರಿನ ವಿಭಾಗ ಇದ್ದದ್ದು ಅದೇ ನಗರಸಭೆಯ ಮೇಲಿನ ಮಹಡಿಯಲ್ಲಿ. ಮಧ್ಯೆ ಹದಿನೆಂಟು ಮೆಟ್ಟಿಲು. ಫೈಲು ಆ ಹದಿನೆಂಟು ಮೆಟ್ಟಿಲು ಹತ್ತಲು ಇಪ್ಪತ್ತಮೂರು ದಿನ ತೆಗೆದುಕೊಂಡಿತು.

ಇಪ್ಪತ್ತಮೂರು ದಿನ ಅವಳು ಮೇಲೆ ಕೆಳಗೆ ಓಡಾಡಿದಳು. ಗುಮಾಸ್ತ ರಜೆ, ಅಧಿಕಾರಿ ತರಬೇತಿ, ಸೀಲು ಕಪಾಟಿನಲ್ಲಿ, ಕಪಾಟಿನ ಬೀಗದ ಕೈ ರಜೆ ಹಾಕಿದ ಗುಮಾಸ್ತನ ಹತ್ತಿರ. ಶೆಡ್ಡಿಗೆ ಬಂದು ಫೈಲನ್ನು ಮೇಜಿನ ಮೇಲೆ ಎಸೆದಳು.

"ನಂಗೆ ಸಾಕಾಗಿಹೋಗಿದೆ. ಆ ಪೈಪನ್ನ ನಾನೇ ಕೈಯಾರೆ ಕಿತ್ತುಬಿಡ್ತೀನಿ!"

"ಸಲಿಕೆ ತರ್ಲಾ?" ಎಂದ ಅವನು, ಎಳ್ಳಷ್ಟೂ ನಗದೆ.

"ತಮಾಷೆ ಮಾಡ್ಬೇಡಿ. ನಿಮಗೆ ಸಿಟ್ಟೇ ಬರಲ್ವಾ?"

"ಬರುತ್ತೆ. ಆದ್ರೆ ನಿಮಗೆ ಬಂದಾಗ ನೋಡೋಕೆ ಚೆನ್ನಾಗಿರುತ್ತೆ ಅಂತ ನನ್ನದನ್ನ ಆಮೇಲಕ್ಕೆ ಇಟ್ಕೊಂಡಿದ್ದೀನಿ."

ಅವಳು ಕಣ್ಣು ಕೆಂಪಗೆ ಮಾಡಿ ನೋಡಿದಳು. ಅವನು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಅವಳ ಮುಂದಿಟ್ಟ. ಸಕ್ಕರೆ ಒಂದೂವರೆ ಚಮಚ. ಅವಳು ಯಾವತ್ತೂ ಹೇಳಿರಲಿಲ್ಲ, ಅವನೇ ಗಮನಿಸಿದ್ದ.

ಪೈಪಿನ ಕೆಲಸ ಮುಗಿದ ಮಾರನೆಯ ವಾರ ನಾಲ್ಕು ಕಂಬ ಒಡೆಯುವ ದಿನ ಬಂತು. ಬೆಳಿಗ್ಗೆ ಎಂಟಕ್ಕೇ ಯಂತ್ರ ಗುಡುಗತೊಡಗಿತು. ಮೊದಲ ಕಂಬ ಕುಸಿದು ಧೂಳೆದ್ದಾಗ ಅವಳು ಮುಖ ತಿರುಗಿಸಿ ಶೆಡ್ಡಿನ ಹಿಂದಕ್ಕೆ ಹೋದಳು. ಸ್ವಲ್ಪ ಹೊತ್ತಿಗೆ ಅವನೂ ಬಂದ.

"ಏನಾಯ್ತು?"

ಅವಳು ನೆಲ ನೋಡುತ್ತ ಹೇಳಿದಳು. "ಆ ನಕ್ಷೆ ಪರಿಶೀಲಿಸಿದ್ದು ನಾನು. ಆಗ ಹೊಸಬಳು. 'ಸರಿ ಇದೆ' ಅಂತ ಸಹಿ ಹಾಕಿದ್ದು ನಾನೇ. ಊರವರು ಏಳು ವರ್ಷ ಬಿಸಿಲಲ್ಲಿ ನಿಂತಿದ್ದು ನನ್ನ ಸಹಿಯಿಂದ. ಹೊಸ ಪದ್ಧತಿ ಅಂತ ಬಾಯಿ ಬಡ್ಕೊಂಡಿದ್ದು ನನ್ನ ಬುದ್ಧಿವಂತಿಕೆಯಿಂದ ಅಲ್ಲ, ನಾಚಿಕೆಯಿಂದ. ಯಾರಿಗೂ ಹೇಳಿಲ್ಲ."

"ಗೊತ್ತು."

ಅವಳು ತಲೆ ಎತ್ತಿದಳು. "ಏನು ಗೊತ್ತು?"

"ಇಲ್ಲಿಗೆ ಬರೋ ಮುಂಚೆ ಹಳೇ ನಕ್ಷೆ ತರಿಸಿ ನೋಡಿದ್ದೆ. ಮೂಲೇಲಿ ನಿಮ್ಮ ಸಹಿ ಇತ್ತು. ಆಮೇಲೆ ಆ ಅನುಮತಿ ಪತ್ರದಲ್ಲೂ ಅದೇ ಸಹಿ."

"ಮತ್ತೆ ಇಷ್ಟು ದಿನ ಒಂದು ಮಾತೂ ಆಡಲಿಲ್ಲ?"

"ನೀವಾಗಿ ಹೇಳೋವರೆಗೂ ಅದು ನನ್ನ ಮಾತಲ್ಲ." ಅವನು ಕನ್ನಡಕ ತೆಗೆದ, ಒರೆಸಲಿಲ್ಲ, ಸುಮ್ಮನೆ ಕೈಯಲ್ಲಿ ಹಿಡಿದುಕೊಂಡ. "ತಪ್ಪು ಮಾಡಿದವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದೇ ಜಾಗಕ್ಕೆ ವಾಪಸ್ ಬಂದು ನಿಂತವರನ್ನ ನಾನು ನೋಡಿದ್ದು ಒಬ್ಬರನ್ನೇ."

ಕನ್ನಡಕವಿಲ್ಲದ ಅವನ ಕಣ್ಣು ಅವಳು ಅಂದುಕೊಂಡಿದ್ದಕ್ಕಿಂತ ಚಿಕ್ಕವು, ಮೆತ್ತಗಿದ್ದವು. ಮೂಗಿನ ಎರಡೂ ಬದಿಗೆ ಕನ್ನಡಕ ಕೂತ ಕೆಂಪು ಗುರುತು. ಆ ಗುರುತಿನ ಮೇಲೆ ಬೆರಳಿಡಬೇಕು ಎನ್ನಿಸಿದ್ದು ಅವಳಿಗೆ ಎಷ್ಟು ಜೋರಾಗಿತ್ತೆಂದರೆ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಆಚೆ ಎರಡನೆಯ ಕಂಬ ಬಿತ್ತು. ಇಬ್ಬರೂ ಕದಲಲಿಲ್ಲ.

ಅಲ್ಲಿಂದಾಚೆ ಅವನು ಬದಲಾದ.

ಸಭೆಯಲ್ಲಿ ಅವಳ ಕಡೆ ನೋಡುವುದನ್ನು ಬಿಟ್ಟ. ಸೈಟು ಸುತ್ತುವಾಗ ಜೊತೆಗೆ ಸೂಪರ್‌ವೈಸರನ್ನು ಕರೆದುಕೊಂಡೇ ಬರತೊಡಗಿದ. ಫೋನು ಮಾಡಿದರೆ, "ಮೇಲ್ ಹಾಕಿ ಮೇಡಂ," ಎನ್ನುತ್ತಿದ್ದ. ಫ್ಲಾಸ್ಕು ಮೇಜಿನ ಮೇಲೆ ಇರುತ್ತಿತ್ತು, ಬಗ್ಗಿಸಿ ಕೊಡುವ ಕೈ ಇರಲಿಲ್ಲ. ಒಂದು ದಿನ ಅವಳು ಬೇಕೆಂದೇ ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಂಡು ಅರ್ಧ ಗಂಟೆ ಹುಡುಕಿದಳು. ಅವನು ಜೇಬಿನಿಂದ ಹೊಸ ಪೆನ್ಸಿಲ್ ತೆಗೆದು ಮೇಜಿನ ಮೇಲೆ ಇಟ್ಟು ಎದ್ದುಹೋದ.

ಅವಳಿಗೆ ತಲೆ ಚಿಟ್ಟುಹಿಡಿಯಿತು. ನಾನೇನು ತಪ್ಪು ಮಾಡಿದೆ? ಆ ಸಹಿಯ ವಿಷಯ ಕೇಳಿ ಅಸಹ್ಯ ಬಂತೆ? ಬಂದಿದ್ದರೆ ಅವತ್ತು ಹಾಗೇಕೆ ನೋಡಿದ? ಮನೆಯಲ್ಲಿ ಅನ್ನದ ತಟ್ಟೆ ಮುಂದೆ ಕೂತು ಶೂನ್ಯ ನೋಡುತ್ತಿದ್ದವಳನ್ನು ಅಮ್ಮ ವಾರಗಟ್ಟಲೆ ಗಮನಿಸಿದರು.

"ಯಾಕೇ, ಪೈಪು ಮತ್ತೆ ಒಡೀತಾ?"

"ಇಲ್ಲಮ್ಮ."

"ಮತ್ತೆ ಯಾರು ಒಡೆದ್ರು?"

ಅವಳು ತಟ್ಟೆ ಎತ್ತಿಕೊಂಡು ಎದ್ದಳು.

ಚಾವಣಿಯ ಉಕ್ಕಿನ ಚೌಕಟ್ಟು ಏರುತ್ತಿದ್ದ ವಾರ ಆ ಪತ್ರ ಬಂತು. ಮ್ಯಾನೇಜರಿನ ಕಂಪನಿಯಿಂದ. 'ನಮ್ಮ ಮ್ಯಾನೇಜರ್ ವೈಯಕ್ತಿಕ ಕಾರಣದಿಂದ ಈ ಕೆಲಸದಿಂದ ಬಿಡುಗಡೆ ಕೋರಿದ್ದಾರೆ. ಮೂರು ತಿಂಗಳೊಳಗೆ ಬದಲಿಯವರನ್ನು ಸೂಚಿಸಲಾಗುವುದು.' ರೂಲ್‌ಬುಕ್ ಆ ಪತ್ರವನ್ನು ಎರಡು ಬೆರಳಲ್ಲಿ ಹಿಡಿದು ತಂದು ಅವಳ ಮೇಜಿನ ಮೇಲಿಟ್ಟರು.

"ಮೂರನೆಯವನೂ ಕೈಕೊಟ್ಟ ನೋಡಿ. ನಿಮ್ಮ ಪದ್ಧತಿಯ ಎಲ್ಲಾ ಭಾರವೂ ಒಬ್ಬ ಮನುಷ್ಯನ ಮೇಲೆ. ಅವನು ಎದ್ದುಹೋದ್ರೆ ಏನಿದೆ? ಮುಂದಿನ ಸಭೆಯಲ್ಲಿ ಉಳಿದ ಕೆಲಸಕ್ಕೆ ಮಾಮೂಲಿ ಟೆಂಡರ್ ಅಂತ ನಾನು ಬರೀತೀನಿ."

ಅವಳು ಹೆಲ್ಮೆಟ್ ತೆಗೆದುಕೊಂಡು ಸೀದಾ ಸೈಟಿಗೆ ಹೋದಳು. ಅವನು ಮೇಲೆ ಅಟ್ಟಣಿಗೆಯಲ್ಲಿದ್ದ. ಏಣಿ ಹತ್ತಿದಳು. ಬೋಲ್ಟು ಬಿಗಿಯುತ್ತಿದ್ದ ಇಬ್ಬರು ಅವಳ ಮುಖ ನೋಡಿದವರೇ ಸದ್ದಿಲ್ಲದೆ ಕೆಳಗಿಳಿದರು.

"ನೀವೂ ಓಡಿಹೋಗ್ತಿದ್ದೀರಾ?"

"ಓಡಿಹೋಗ್ತಿಲ್ಲ. ಬದಲಿ ಬರೋವರೆಗೂ—"

"ಮೂರು ತಿಂಗಳು! ಮೂರು ತಿಂಗಳಲ್ಲಿ ಆ ರೂಲ್‌ಬುಕ್ ಎಲ್ಲಾ ತಲೆಕೆಳಗು ಮಾಡ್ತಾರೆ. ಗೊತ್ತಿದ್ದೂ ಪತ್ರ ಬರೆದ್ರಾ? ವೈಯಕ್ತಿಕ ಕಾರಣ ಅಂತೆ! ಏನ್ರೀ ಅದು ವೈಯಕ್ತಿಕ?"

ಅವನು ಕನ್ನಡಕಕ್ಕೆ ಕೈ ಹಾಕಿದ.

"ಅದನ್ನ ಮುಟ್ಟಬೇಡಿ! ನನ್ನ ಮುಖ ನೋಡಿ ಹೇಳಿ."

ಅವನ ಕೈ ಕೆಳಗಿಳಿಯಿತು. "ಕರಾರಿನ ಹನ್ನೊಂದನೇ ಕಲಮು ಓದಿದ್ದೀರಾ?"

"ಬರೆದಿದ್ದೇ ನಾನು."

"ಕೆಲಸ ಅಳೆದು ಸಹಿ ಹಾಕೋರಿಗೂ, ಕೆಲಸ ಮಾಡಿಸೋರಿಗೂ ವೈಯಕ್ತಿಕ ಸಂಬಂಧ ಇರಬಾರದು."

"ಹೌದು. ಇಲ್ಲಿ ಸಂಬಂಧ ಎಲ್ಲಿದೆ?"

"ನಿಮ್ಮ ಕಡೆ ಇಲ್ಲದೇ ಇರಬಹುದು," ಎಂದ ಅವನು. "ನನ್ನ ಕಡೆ ಇದೆ. ಬಹಳ ಇದೆ. ನಾಳೆ ಯಾರಾದ್ರೂ, ಈ ಮೇಡಂ ಅವನ ಕೆಲಸಕ್ಕೆ ಕಣ್ಣುಮುಚ್ಚಿ ಸಹಿ ಹಾಕಿದ್ರು ಅಂದ್ರೆ? ನಿಮ್ಮ ಸಹಿಗೆ ಇನ್ನೊಂದು ಸಲ ಮಸಿ ಹತ್ತೋದನ್ನ ನನಗೆ ನೋಡೋಕಾಗಲ್ಲ."

ಗಾಳಿಗೆ ಅಟ್ಟಣಿಗೆಯ ಹಲಗೆ ಸಣ್ಣಗೆ ಅಲುಗಿತು. ಅವಳು ಪಕ್ಕದ ಕಂಬಿ ಹಿಡಿದುಕೊಂಡಳು. ತಿಂಗಳುಗಳಿಂದ ಕೇಳಬೇಕೆಂದಿದ್ದ ಮಾತು ಕಿವಿಗೆ ಬಿದ್ದಿತ್ತು. ಬಂದದ್ದು ಮಾತ್ರ ಸಂತೋಷವಲ್ಲ, ನೆತ್ತಿಗೇರಿದ ಸಿಟ್ಟು.

"ಒಂದು ನಲ್ಲಿ ಎಲ್ಲಿ ಇಡಬೇಕು ಅನ್ನೋಕೂ ಹತ್ತು ಜನರನ್ನ ಕೂರಿಸಿ ಕೇಳ್ತೀರಿ. ಡ್ರೈವರನ್ನ ಕೇಳ್ತೀರಿ, ಕಸ ಗುಡಿಸೋರನ್ನ ಕೇಳ್ತೀರಿ. ಇದೊಂದನ್ನ ಒಬ್ಬರೇ ಕೂತು ತೀರ್ಮಾನ ಮಾಡಿಬಿಟ್ರಾ? ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

"ಕೇಳಿದ್ರೆ ಏನು ಹೇಳ್ತಿದ್ರಿ?"

"ಈಗ ಕೇಳ್ಬೇಡಿ. ಈಗ ನಂಗೆ ಸಿಟ್ಟು ಬಂದಿದೆ!" ಎಂದು ಅವಳು ಏಣಿ ಇಳಿದಳು. ಕೊನೆಯ ಮೆಟ್ಟಿಲಲ್ಲಿ ಕಾಲು ಜಾರಿತು. ಮೇಲಿಂದ "ಹುಷಾರು!" ಎಂಬ ಕೂಗು ಬಂತು. ತಿರುಗಿ ನೋಡಲಿಲ್ಲ.

ಎರಡು ದಿನ ಅವಳು ಯೋಚಿಸಿದಳು. ಅವನು ಹೋದರೆ ಕೆಲಸ ನಿಲ್ಲುತ್ತದೆ. ಮೂರನೆಯ ಸಲ ನಿಂತದ್ದು ಮತ್ತೆ ಏಳುವುದಿಲ್ಲ. ತಾನು ಹೋದರೆ? ಅಳೆದು ಸಹಿ ಹಾಕಲು ಎಂಜಿನಿಯರ್ ಬೇಕು, ತಾನೇ ಬೇಕೆಂದಿಲ್ಲ. ಆ ಕುರ್ಚಿಗೆ ಬರುವವರು ರೂಲ್‌ಬುಕ್ ಎಂಬುದೂ ಗೊತ್ತಿತ್ತು. ಮೂರು ವರ್ಷ ಜಗಳವಾಡಿ ಹುಟ್ಟಿಸಿದ್ದನ್ನು ಬೇಡವೆಂದವರ ಮಡಿಲಿಗೇ ಹಾಕಬೇಕು. ಮೂರನೆಯ ದಿನ ಮುಖ್ಯಾಧಿಕಾರಿಯ ಕೋಣೆಗೆ ಹೋಗಿ ಹಿತಾಸಕ್ತಿ ಘೋಷಣೆಯ ನಮೂನೆ ಇಟ್ಟಳು.

ನಿವೃತ್ತಿಗೆ ನಾಲ್ಕು ತಿಂಗಳು ಉಳಿದಿದ್ದ ಮುಖ್ಯಾಧಿಕಾರಿ ಕಾಗದವನ್ನು ದೂರಕ್ಕೆ ಹಿಡಿದು ಓದಿದರು. 'ಸಂಬಂಧದ ಸ್ವರೂಪ' ಎಂಬ ಕಡೆ ಬಂಧು, ಪಾಲುದಾರ, ಇತರೆ ಎಂದು ಮೂರು ಚೌಕ. ಅವಳು 'ಇತರೆ'ಗೆ ಗುರುತು ಹಾಕಿ, ಪಕ್ಕದಲ್ಲಿ ಬರೆದಿದ್ದಳು: 'ಇಷ್ಟ.' 'ಎಂದಿನಿಂದ' ಎಂಬಲ್ಲಿ ನಾಲ್ಕು ಕಂಬ ಒಡೆದ ದಿನದ ತಾರೀಖು.

"ಇದು... ಆ ಮ್ಯಾನೇಜರಿಗೆ ಗೊತ್ತೇನಮ್ಮ?"

"ಅವ್ರು ಹೇಳಿದ್ದಾರೆ ಸರ್. ನಾನು ಇನ್ನೂ ಹೇಳಿಲ್ಲ."

"ಅಂದ್ರೆ ಅವರಿಗಿಂತ ಮೊದ್ಲು ನಗರಸಭೆಗೆ ತಿಳಿಸ್ತಿದ್ದೀಯಾ?"

"ನಿಯಮ ಹಾಗಿದೆ ಸರ್."

ಅವರು ಕಾಗದವನ್ನು ಮೇಜಿನ ಮೇಲಿಟ್ಟರು. "ನಿನ್ನನ್ನ ಬಸ್ ಸ್ಟ್ಯಾಂಡಿಂದ ತೆಗೀಬೇಕಾಗುತ್ತೆ. ಈಗ ಖಾಲಿ ಇರೋದು ಚರಂಡಿ ವಿಭಾಗ ಒಂದೇ."

"ಗೊತ್ತು ಸರ್. ಅವ್ರು ಮುಂದುವರೀಬೇಕು, ಮಂಗಳವಾರದ ಸಭೆ ನಿಲ್ಲಬಾರದು. ಅಷ್ಟು ಬರೆದುಕೊಡಿ."

ಆದೇಶ ಹೊರಟಿತು.

ಅದಾದ ನಾಲ್ಕನೆಯ ದಿನ ಅವಳು ಒಂದು ಇಕ್ಕಟ್ಟಾದ ಗಲ್ಲಿಯಲ್ಲಿ, ಮುಚ್ಚಳ ತೆಗೆದ ಚರಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಆಳ ಅಳೆಯುತ್ತಿದ್ದಳು. ಎದುರು ಮನೆಯ ಹೆಂಗಸು ಮೂರು ತಿಂಗಳ ಕೊಳೆಯನ್ನೆಲ್ಲ ಅವಳ ತಲೆಗೇ ಕಟ್ಟಿ ಬೈಯುತ್ತಿದ್ದಳು. ಗಲ್ಲಿಯ ತುದಿಯಿಂದ ಅವನು ದಾಪುಗಾಲು ಹಾಕಿಕೊಂಡು ಬಂದ. ಅವನಿಗೆ ಸಿಟ್ಟು ಬಂದದ್ದನ್ನು ಅವಳು ಮೊದಲ ಸಲ ನೋಡಿದಳು. ಕಿವಿ ಕೆಂಪಾಗಿತ್ತು.

"ಏನಿದು? ಯಾರನ್ನ ಕೇಳಿ ಬಿಟ್ಟುಕೊಟ್ರಿ?"

"ಮೆಲ್ಲಗೆ. ಚರಂಡಿಗೆ ಬೀಳ್ತೀರಿ."

"ಅದು ನಿಮ್ಮ ಬಸ್ ಸ್ಟ್ಯಾಂಡ್! ನನಗೋಸ್ಕರ ಇಂಥ ಜಾಗದಲ್ಲಿ ಬಂದು ಕೂತ್ಕೊಳ್ಳಿ ಅಂತ ನಾನು ಕೇಳಿದ್ನಾ?"

"ನಿಮಗೋಸ್ಕರ ಅಂತ ಯಾರು ಹೇಳಿದ್ರು?" ಅವಳು ಎದ್ದು ನಿಂತಳು. ಕೈಗವಸಿನಿಂದ ಕೊಳೆ ತೊಟ್ಟಿಕ್ಕುತ್ತಿತ್ತು. "ನೀವು ಹೋದ್ರೆ ಅದು ನಿಲ್ಲುತ್ತೆ. ನಾನು ಹೋದ್ರೆ ನಿಲ್ಲಲ್ಲ. ಬಿಸಿಲಲ್ಲಿ ನಿಂತಿರೋ ಜನಕ್ಕೆ ಸೂರು ಬೇಕು, ನಾನಲ್ಲ." ಅವಳು ತೋಳಿನಿಂದ ಮೂಗು ಒರೆಸಿಕೊಂಡಳು. "ಹಾಗಂತ ಖುಷಿಯಾಗಿ ಬಿಟ್ಟೆ ಅಂದ್ಕೋಬೇಡಿ. ನಂಗೆ ಅಳು ಬರ್ತಿದೆ. ಆ ಮೇಜು, ಆ ಗೋಡೆ, ಆ ಮಂಗಳವಾರ, ಎಲ್ಲಾ ನಂದು. ಅವರು ಅಲ್ಲಿ ಕೂತಿದ್ದಾರೆ ಅನ್ನೋದನ್ನ ನೆನೆಸ್ಕೊಂಡ್ರೆ ಮೈಯೆಲ್ಲ ಉರಿಯುತ್ತೆ."

ಅವನ ಸಿಟ್ಟು ಅಲ್ಲೇ ಇಳಿದುಹೋಯಿತು. ಕರವಸ್ತ್ರ ತೆಗೆದ. ಅವಳ ಕೈ ಕೊಳೆಯಾಗಿದ್ದರಿಂದ, ತಾನೇ ಅವಳ ಕೆನ್ನೆಯ ಮೇಲಿಂದ ಒಂದು ಹನಿ ಒರೆಸಿದ.

"ಘೋಷಣೆಯ ಪ್ರತಿ ನನಗೂ ಕೊಟ್ರು," ಎಂದ ಮೆಲ್ಲಗೆ. "ಕಂಬ ಒಡೆದ ದಿನದ ತಾರೀಖು ಹಾಕಿದ್ದೀರಿ."

"ಅದು ಗೌಪ್ಯ ಅಂತ ಬರೆದಿತ್ತು!"

"ಸಂಬಂಧಪಟ್ಟವರಿಗೆ ಕೊಡಬೇಕಂತೆ. ನಾನು ಸಂಬಂಧಪಟ್ಟವನು ಅಂತ ನಗರಸಭೆಯೇ ಸೀಲು ಹಾಕಿಬಿಟ್ಟಿದೆ." ಅವನ ತುಟಿಯ ತುದಿ ಅಲುಗಿತು. "ನಿಮ್ಮದು ತಡ ಆಯ್ತು. ನನ್ನದು ಆ ಶುಕ್ರವಾರದಿಂದ. ಹೆಲ್ಮೆಟ್ ಹಾಕ್ಕೊಂಡು ಬೈದ್ರಲ್ಲ, ಅವತ್ತಿಂದ."

"ಮುಖಾನೇ ಕಾಣ್ತಿರಲಿಲ್ಲ!"

"ಧ್ವನಿ ಕೇಳಿಸ್ತಿತ್ತು. ಬೀದಿ ಕೊನೆವರೆಗೂ."

ಅವಳಿಗೆ ಅಳುವಿನ ಮಧ್ಯೆಯೇ ನಗು ಉಕ್ಕಿತು. ಎದುರು ಮನೆಯ ಹೆಂಗಸು ಬೈಗುಳ ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, "ಏನ್ರೀ, ಚರಂಡಿ ಮಾಡ್ತೀರೋ ಮದುವೆ ಮಾಡ್ಕೋತೀರೋ?" ಎಂದು ಕೇಳಿದಳು.

"ಎರಡೂ ಮಾಡ್ತೀವಮ್ಮ," ಎಂದ ಅವನು. "ಮೇಡಂ ಒಪ್ಪಿದ್ರೆ."

"ಮೊದ್ಲು ಚರಂಡಿ," ಎಂದಳು ಅವಳು, ಮೂಗೆಳೆದುಕೊಳ್ಳುತ್ತ. ಅವನು ಅಂಗಿಯ ತೋಳು ಮಡಚಿ ಅಳತೆಪಟ್ಟಿಯ ಇನ್ನೊಂದು ತುದಿ ಹಿಡಿದುಕೊಂಡ.

ಬಸ್ ಸ್ಟ್ಯಾಂಡು ಐದು ವಾರ ತಡವಾಗಿ, ಆದರೆ ಪೂರ್ತಿಯಾಗಿ ಮುಗಿಯಿತು. ಉದ್ಘಾಟನೆಯ ದಿನ ವೇದಿಕೆಯ ಮೇಲೆ ಹೂಗುಚ್ಛ ಕೊಟ್ಟದ್ದು ರೂಲ್‌ಬುಕ್ಕಿಗೆ. ಅವಳು ಅಮ್ಮನ ಜೊತೆ ಹಿಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದಳು. ಅಮ್ಮ ತಟ್ಟಲಿಲ್ಲ. "ನನ್ನ ಕೈಗೆ ನೋವು," ಎಂದರು, ಮುಖ ಗಂಟಿಕ್ಕಿ.

ಮದುವೆಯ ನೋಂದಣಿಯೂ ಅದೇ ನಗರಸಭೆಯ ಮೂರನೆಯ ಕೌಂಟರಿನಲ್ಲಿ. ಎರಡು ಸಲ ವಾಪಸು ಕಳಿಸಿದರು. ಒಮ್ಮೆ ಫೋಟೋದ ಅಳತೆ ಸರಿಯಿಲ್ಲ, ಇನ್ನೊಮ್ಮೆ ಸಾಫ್ಟ್‌ವೇರ್ ನಿಂತಿದೆ. ಮೂರನೆಯ ಸಲ ಎಲ್ಲ ಸರಿಯಿತ್ತು, ಆದರೆ ಎರಡನೆಯ ಸಾಕ್ಷಿಯಾಗಿ ಬರಬೇಕಿದ್ದ ಡ್ರೈವರಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಗುಮಾಸ್ತ ಗಡಿಯಾರ ನೋಡಿದ. "ಒಬ್ಬರೇ ಸಾಕ್ಷಿ ಸಾಲಲ್ಲ. ನಾಳೆ ಬನ್ನಿ."

"ನಾಳೆ ನಾಳೆ! ಈ ಕಟ್ಟಡದಲ್ಲಿ ಇವತ್ತು ಅನ್ನೋ ದಿನಾನೇ ಇಲ್ವಾ?" ಅವಳ ಧ್ವನಿ ಕಾರಿಡಾರಿನ ಕೊನೆಯವರೆಗೂ ಹೋಯಿತು.

ಅಲ್ಲಿಂದ ಫೈಲು ಹಿಡಿದು ಬರುತ್ತಿದ್ದ ರೂಲ್‌ಬುಕ್ ನಿಂತರು. ವಿಷಯ ಕೇಳಿದರು. ಸುಮ್ಮನೆ ಕೈ ಚಾಚಿ ಅರ್ಜಿ ಇಸಿದುಕೊಂಡು ಓದತೊಡಗಿದರು. ಮೊದಲ ಪುಟ, ಎರಡನೆಯ ಪುಟ, ಹಿಂಬದಿ, ಮತ್ತೆ ಮೊದಲ ಪುಟ. ಅಮ್ಮ ಉಸಿರು ಬಿಗಿಹಿಡಿದು ನಿಂತರು.

"ಎಲ್ಲಾ ಸರಿ ಇದೆ," ಎಂದರು ಕೊನೆಗೆ, ಸ್ವಲ್ಪ ನಿರಾಶೆಯಿಂದಲೇ. ಜೇಬಿನಿಂದ ಪೆನ್ನು ತೆಗೆದು ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕುತ್ತ, ಯಾರ ಮುಖವನ್ನೂ ನೋಡದೆ, "ತರಕಾರಿ ಮಾರುಕಟ್ಟೆಯ ಕಟ್ಟಡ ಮುಂದಿನ ವರ್ಷ ಬರ್ತಿದೆ. ಅದಕ್ಕೂ ಇದೇ ಪದ್ಧತಿ ಅಂತ ಬರೆದಿದ್ದೀನಿ. ನಡೆಸೋಕೆ ನೀವೇ ಬೇಕು ಅಂತಾನೂ ಬರೆದಿದ್ದೀನಿ," ಎಂದರು.

ಅವಳು ಅಮ್ಮನ ತೋಳು ಹಿಡಿದುಕೊಂಡಳು.

"ಆದ್ರೆ," ಎಂದು ಅವರು ಬೆರಳೆತ್ತಿ ಅವನ ಕಡೆ ತಿರುಗಿದರು, "ಇವರು ಅರ್ಜಿ ಹಾಕೋ ಹಾಗಿಲ್ಲ. ಇನ್ನು ಈ ಊರಲ್ಲಿ ನಗರಸಭೆಯ ಯಾವ ಕೆಲಸವೂ ಇವರಿಗೆ ಸಿಗಲ್ಲ. ಗೊತ್ತಲ್ಲ?"

"ಗೊತ್ತು ಸರ್," ಎಂದ ಅವನು. "ಪಕ್ಕದ ಊರಲ್ಲಿ ಒಂದು ಶಾಲೆ ಒಪ್ಪಿಕೊಂಡಿದ್ದೀನಿ. ಹೋಗಿಬರೋಕೆ ದಿನಾ ಮೂರು ಗಂಟೆ."

ಅವಳು ಅವನತ್ತ ನೋಡಿದಳು. ಇದನ್ನು ಅವನು ಹೇಳಿರಲಿಲ್ಲ. ಮೂರು ಗಂಟೆ, ದಿನವೂ, ವರ್ಷಗಟ್ಟಲೆ. ಬೈಯಬೇಕೆಂದು ಬಾಯಿ ತೆರೆದಳು. ಅವನು ಆಗಲೇ ಕನ್ನಡಕ ತೆಗೆದು ಅಂಗಿಯ ಅಂಚು ಹುಡುಕುತ್ತಿದ್ದ. ಅವಳು ಆ ಕನ್ನಡಕವನ್ನು ಅವನ ಕೈಯಿಂದ ತೆಗೆದುಕೊಂಡು, ತನ್ನ ಸೆರಗಿನಲ್ಲಿ ಒರೆಸಿ, ಎರಡೂ ಕೈಯಿಂದ ಅವನ ಕಿವಿಗೆ ಸಿಕ್ಕಿಸಿದಳು. ಮೂಗಿನ ಪಕ್ಕದ ಕೆಂಪು ಗುರುತಿನ ಮೇಲೆ ಅವಳ ಬೆರಳು ಒಂದು ಕ್ಷಣ ನಿಂತಿತು. ಗುಮಾಸ್ತ ಸೀಲು ಒತ್ತಿದ.

"ಮೇಡಂ, ಹೊರಡೋಣ್ವಾ?" ಎಂದ ಅವನು, ಅಭ್ಯಾಸಬಲದಿಂದ.

"ಹೂಂ, ಹೋಗೋಣ," ಎಂದಳು ಅವಳು. ಬನ್ನಿ ಎನ್ನಲು ಹೊರಟ ನಾಲಿಗೆಯನ್ನು ತಡೆದು, ಎಲ್ಲರೆದುರಿಗೆ, ಸ್ವಲ್ಪ ಜೋರಾಗಿಯೇ ಹೇಳಿದಳು:

"ಬಾ."